ಹೃದಯ ಮರೆಯದ ಸಕ್ಕರೆ

ಹೃದಯಾಘಾತವೆಂದರೆ ಎದೆನೋವು ಬಂದೇ ಬರುತ್ತದೆ ಎಂದು ಮಧುಮೇಹಿಗಳು ನಂಬಿ ಕೂರುವಂತಿಲ್ಲ. ವರ್ಷಗಟ್ಟಲೆ ಏರಿದ ಸಕ್ಕರೆ, ಹೃದಯದ ನೋವನ್ನು ಮಿದುಳಿಗೆ ತಿಳಿಸುವ ನರಗಳನ್ನೇ ಹಾಳುಮಾಡಿರಬಹುದು. ಒಂದಿಷ್ಟು ಸುಸ್ತು, ಬೆವರು, ಏದುಸಿರು. ಗ್ಯಾಸ್ ಇರಬೇಕೆಂದು ಮನೆಯವರು ಜೀರಿಗೆ ಕಷಾಯ ಕೊಡುವ ಹೊತ್ತಿಗೆ ಹೃದಯದ ಸ್ನಾಯು ಸಾಯತೊಡಗಿರುತ್ತದೆ. ಆ ಜೀವಕೋಶಗಳಿಂದ ಟ್ರೊಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ ಹುಡುಕುವುದು ಇದನ್ನೇ.

ಕೆಡುಕು ಶುರುವಾಗಿದ್ದು ಬಹಳ ಹಿಂದೆ. ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ತಯಾರಿಸಿ ನಾಳವನ್ನು ಸಡಿಲವಾಗಿಡುತ್ತದೆ. ಸಕ್ಕರೆ ಏರಿದರೆ ಆ ತಯಾರಿಕೆ ಕುಗ್ಗುತ್ತದೆ, ಉರಿಯೂತ ಹೆಚ್ಚುತ್ತದೆ, ಕೊಬ್ಬು ಶೇಖರವಾಗುತ್ತದೆ. ನಾಳದ ಗೋಡೆಯ ಪ್ರೋಟೀನುಗಳಿಗೂ ಗ್ಲೂಕೋಸ್ ಅಂಟಿ ಅವು ಪೆಡಸಾಗುತ್ತವೆ. ಸಕ್ಕರೆ ಇಳಿದ ಮೇಲೂ ಆ ಪೆಡಸು ಬೇಗ ಹೋಗದು.

ಹಾಗಿದ್ದರೆ ಸಕ್ಕರೆಯನ್ನು ಇಳಿಸಿದಷ್ಟೂ ಒಳ್ಳೆಯದೇ? ಅಮೆರಿಕ, ಕೆನಡಾಗಳಲ್ಲಿ ನಡೆದ ಅಕಾರ್ಡ್ ಅಧ್ಯಯನ ಪರೀಕ್ಷಿಸಿದ್ದು ಇದನ್ನೇ. ಬಹಳ ವರ್ಷಗಳಿಂದ ಮಧುಮೇಹವಿದ್ದ, ಹೃದ್ರೋಗದ ಅಪಾಯವೂ ಹೆಚ್ಚಿದ್ದ 10,251 ಮಂದಿ ಅದರಲ್ಲಿದ್ದರು. ಒಂದು ಗುಂಪಿನ ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಅಳತೆ, 6ಕ್ಕಿಂತ ಕೆಳಗಿಳಿಯಬೇಕಿತ್ತು. ಇನ್ನೊಂದರದು 7ರಿಂದ 7.9ರೊಳಗೆ ಇದ್ದರೆ ಸಾಕಿತ್ತು. 2008ರ ಫೆಬ್ರುವರಿಯಲ್ಲಿ ಬಿಗಿ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆ ಗುಂಪಿನಲ್ಲಿ 257 ಮಂದಿ ತೀರಿಕೊಂಡಿದ್ದರು, ಇನ್ನೊಂದರಲ್ಲಿ 203. ಸಕ್ಕರೆ ತೀರಾ ಕುಸಿದರೆ ಅಡ್ರಿನಲಿನ್ ಉಕ್ಕಿ ಹೃದಯದ ಲಯ ತಪ್ಪಬಹುದು. ಆದರೆ ಆ ಸಾವುಗಳಿಗೆಲ್ಲ ಅದೊಂದೇ ಕಾರಣವೆಂದು ಸಾಬೀತಾಗಲಿಲ್ಲ.

ಅದೇ ವರ್ಷ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದ ಮುಂದುವರಿದ ಫಲಿತಾಂಶವೂ ಬಂತು. ಇಲ್ಲಿದ್ದವರು ಕಾಯಿಲೆ ಆಗತಾನೇ ಪತ್ತೆಯಾದವರು. ಪ್ರಯೋಗ ಮುಗಿದ ವರ್ಷದೊಳಗೇ ಬಿಗಿ ಚಿಕಿತ್ಸೆಯ ಮತ್ತು ಸಾಮಾನ್ಯ ಚಿಕಿತ್ಸೆಯ ಎರಡೂ ಗುಂಪುಗಳ ಎಚ್‌ಬಿಎ1ಸಿ ಒಂದೇ ಮಟ್ಟಕ್ಕೆ ಬಂದಿತ್ತು. ಆದರೂ ಹತ್ತು ವರ್ಷಗಳ ನಂತರ ನೋಡಿದರೆ, ಆರಂಭದಲ್ಲಿ ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಮಾತ್ರೆಯಿಂದ ಸಕ್ಕರೆಯನ್ನು ಬಿಗಿಯಾಗಿ ಹಿಡಿದಿದ್ದವರಲ್ಲಿ ಹೃದಯಾಘಾತ ಶೇ 15ರಷ್ಟು ಕಡಿಮೆ. ಮೆಟ್‌ಫಾರ್ಮಿನ್ ಪಡೆದ ಸ್ಥೂಲಕಾಯರಲ್ಲಿ ಶೇ 33ರಷ್ಟು ಕಡಿಮೆ. ನನ್ನ ಮಟ್ಟಿಗೆ ಮಧುಮೇಹದ ಇಡೀ ಸಂಶೋಧನೆಯಲ್ಲೇ ಇದು ಅತ್ಯಂತ ಭರವಸೆಯ ಸಂಗತಿ. ಹಾಗೆಯೇ ಕಳವಳದ್ದೂ ಹೌದು: ‘ಈಗಲೇ ಮಾತ್ರೆ ಯಾಕೆ, ನೋಡೋಣ’ ಎಂದು ನಮ್ಮಲ್ಲಿ ಎಷ್ಟೋ ಜನ ಕಳೆದುಕೊಳ್ಳುವುದು ಈ ಮೊದಲ ವರ್ಷಗಳನ್ನೇ.

ಎಚ್‌ಬಿಎ1ಸಿ 7.5 ಬಂದರೆ ನಲವತ್ತರ ಮಗನಿಗೆ ಔಷಧಿ ಹೆಚ್ಚಿಸುವ ವೈದ್ಯರು, ಹೃದ್ರೋಗವಿರುವ ಎಂಬತ್ತರ ತಂದೆಯ ಅದೇ 7.5 ನೋಡಿ ಸಾಕು ಎನ್ನುವುದು ಈ ಎರಡೂ ಪಾಠಗಳನ್ನು ಕಲಿತದ್ದರಿಂದ.