ಅಜ್ಜಿಯ ಹೆಸರೇನು?
ಜನಗಣತಿಯ ಹಾಳೆಯೂ ನಮ್ಮ ಮನೆಯ ಕಿರ್ದಿಯೂ



ನಾನು ಲೇಖಕನಲ್ಲ. ಮ್ಯಾಟ್ರಿಕ್ ಮುಗಿಸಿ ತಂದೆಯವರ ಜೊತೆ ಅಂಗಡಿಯ ಗಾದಿಗೆ ಕುಳಿತವನು. ಸೊಲ್ಲಾಪುರ ಜಿಲ್ಲೆಯ ಗಡಿಹಳ್ಳಿಯೊಂದರಲ್ಲಿ ನಾಲ್ವತ್ತು ವರ್ಷಕ್ಕೂ ಮಿಕ್ಕಿ ಕಾಳುಕಡಿ ವ್ಯಾಪಾರ ಮಾಡಿದ್ದೇನೆ. ಕಿರ್ದಿ, ಖತಾವಣಿ ಬಿಟ್ಟರೆ ಬೇರೆ ಬರವಣಿಗೆ ತಿಳಿಯದು. ಆದರೂ ಮೊಮ್ಮಗಳ ಒಂದು ಪ್ರಶ್ನೆ ಇಷ್ಟನ್ನು ಬರೆಸಿದೆ.

ಮಗಳು, ಅಳಿಯ ಅಮೆರಿಕದಲ್ಲಿದ್ದಾರೆ. ಅಲ್ಲಿ ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ಅವಳ ಗೆಳತಿಯೊಬ್ಬಳು ತನ್ನ ಮುತ್ತಜ್ಜ 1950ರಲ್ಲಿ ಯಾವ ಬೀದಿಯಲ್ಲಿದ್ದ, ಯಾವ ಕೆಲಸ ಮಾಡುತ್ತಿದ್ದ, ಮನೆಯಲ್ಲಿ ಯಾರ್ಯಾರಿದ್ದರು ಎಂಬ ಸರ್ಕಾರಿ ಹಾಳೆಯ ಪ್ರತಿಯನ್ನೇ ತಂದಳಂತೆ. ನಮ್ಮವಳು ಫೋನ್ ಮಾಡಿ, "ಅಜ್ಜಾ, ನಿಮ್ಮ ಅಪ್ಪನ ಅವ್ವನ ಹೆಸರೇನು?" ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ತಂದೆಯವರು ಎರಡು ವರ್ಷದ ಕೂಸಾಗಿದ್ದಾಗ ಹೆತ್ತ ತಾಯಿ ತೀರಿಕೊಂಡರು. ಸಾಕಿ ಬೆಳೆಸಿದ ಚಿಕ್ಕಮ್ಮನ ಮನಸ್ಸು ನೋಯಬಾರದೆಂದು ಮೊದಲನೆಯವರ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದ ಹೆಸರು ಮರೆತೇ ಹೋಯಿತು. ಮೂರು ತಲೆಮಾರಿನ ಬಾಕಿದಾರರ ಹೆಸರು ಬಾಯಿಪಾಠ ಹೇಳುವ ನನಗೆ ಸ್ವಂತ ಅಜ್ಜಿಯ ಹೆಸರು ತಿಳಿದಿರಲಿಲ್ಲ!

ಅಲ್ಲಿಯ ಪದ್ಧತಿ

ಅಮೆರಿಕದಲ್ಲಿ ಜನಗಣತಿಯ ಮನೆಮನೆಯ ಹಾಳೆಗಳನ್ನು 72 ವರ್ಷ ಗುಪ್ತವಾಗಿಟ್ಟು ಬಳಿಕ ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಏಪ್ರಿಲ್ 1ರ ಗಣತಿಯ ಹಾಳೆಗಳು 2022ರ ಏಪ್ರಿಲ್ 1ರಂದು ಹೊರಬಂದವು. ಸುಮಾರು 15 ಕೋಟಿ ಜನರ ವಿವರ, ಅರುವತ್ತು ಲಕ್ಷಕ್ಕೂ ಹೆಚ್ಚು ಪುಟ! ಹಾಳೆಗೆ 30 ಸಾಲು, ಒಬ್ಬರಿಗೆ ಒಂದು ಸಾಲು. ಹೆಸರು, ಯಜಮಾನನಿಗೆ ಏನಾಗಬೇಕು, ವಯಸ್ಸು, ಹುಟ್ಟಿದ ಸ್ಥಳ, ಉದ್ಯೋಗ ಎಲ್ಲವೂ ಅದರಲ್ಲಿದೆ. ಕೈಬರಹವನ್ನು ಕಂಪ್ಯೂಟರಿನಿಂದ ಓದಿಸಿ ಹೆಸರಿನ ಪಟ್ಟಿ ಮಾಡಿದ್ದಾರೆ. ಕಂಪ್ಯೂಟರ್ ತಪ್ಪು ಓದಿದ್ದರೆ ವಿಳಾಸದಿಂದ ಗಣತಿಯ ವಿಭಾಗವನ್ನು ಗುರುತಿಸಿ ಪುಟ ಪುಟ ನೋಡಬೇಕು. ಅಲ್ಲಿಯೂ 1850ಕ್ಕೆ ಮೊದಲು ಯಜಮಾನನ ಹೆಸರನ್ನು ಮಾತ್ರ ಬರೆಯುತ್ತಿದ್ದರು. ಹೆಂಡತಿ ಮಕ್ಕಳು ಬರೀ ಎಣಿಕೆ.

ಇಂಗ್ಲೆಂಡಿನಲ್ಲಿ ನೂರು ವರ್ಷದ ಕಟ್ಟಳೆ. 1921ರ ಗಣತಿ 2022ರ ಜನವರಿಯಲ್ಲಿ ತೆರೆಯಿತು. 1931ರದು 1942ರ ಬೆಂಕಿಯಲ್ಲಿ ಸುಟ್ಟುಹೋಗಿದೆ. ಯುದ್ಧದ ದೆಸೆಯಿಂದ 1941ರಲ್ಲಿ ಗಣತಿಯೇ ನಡೆಯಲಿಲ್ಲ.

ನಮ್ಮಲ್ಲಿ ಹೇಗೆ?

ನಮ್ಮ ದೇಶದಲ್ಲಿ 1881ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆಯುತ್ತ ಬಂತು. 2021ರದು ಮಾತ್ರ ಕೊರೋನಾದಿಂದ ತಪ್ಪಿತು. ಆದರೆ ಪ್ರಕಟವಾಗುವುದು ಅಂಕಿಸಂಖ್ಯೆ ಮಾತ್ರ. 2011ರಲ್ಲಿ ದೇಶದಲ್ಲಿ ಜೈನರು 44,51,753; ಮಹಾರಾಷ್ಟ್ರದಲ್ಲಿ 14 ಲಕ್ಷ, ಕರ್ನಾಟಕದಲ್ಲಿ 4 ಲಕ್ಷ 40 ಸಾವಿರ. ಈ ಲೆಕ್ಕದಲ್ಲಿ ನಾವೆಲ್ಲ ಇದ್ದೇವೆ, ಯಾರ ಹೆಸರೂ ಇಲ್ಲ. 1948ರ ಜನಗಣತಿ ಕಾಯಿದೆಯ 15ನೇ ಕಲಮಿನ ಪ್ರಕಾರ ಗಣತಿಯ ದಾಖಲೆಯನ್ನು ಯಾರೂ ತೆಗೆಸಿ ನೋಡುವಂತಿಲ್ಲ. 72 ವರ್ಷ, ನೂರು ವರ್ಷ ಎಂಬ ಗಡುವೂ ಇಲ್ಲ. ಇದನ್ನು ದೂರುತ್ತಿಲ್ಲ. ಹೇಳಿದ್ದು ಗುಪ್ತವಾಗಿರುತ್ತದೆಂಬ ಭರವಸೆಯಿದ್ದರೇ ಜನ ನಿಜ ಹೇಳುತ್ತಾರೆ. ಆದರೆ ನಮ್ಮ ವಂಶದ ಸುದ್ದಿಯನ್ನು ನಾವೇ ಬೇರೆಡೆ ಹುಡುಕಿಕೊಳ್ಳಬೇಕು.

ನಾನು ಹುಡುಕಿದ ದಾರಿ

ಮೊದಲು ಅಟ್ಟದ ಮೇಲಿದ್ದ ಅಜ್ಜನ ಕಿರ್ದಿ ಇಳಿಸಿದೆ. ಅದು ಮೋಡಿ ಲಿಪಿಯಲ್ಲಿದೆ. ಓದಬಲ್ಲ ಹಿರಿಯರೊಬ್ಬರನ್ನು ಕರೆತಂದೆ. 1933ರ ಕಿರ್ದಿಯಲ್ಲಿ ಒಂದು ದಿನ ಅಂತ್ಯಕ್ರಿಯೆಯ ಖರ್ಚು ಹನ್ನೊಂದು ರೂಪಾಯಿ ನಾಲ್ಕಾಣೆ ಎಂದಿತ್ತು. ಮರುದಿನದಿಂದ ಹನ್ನೆರಡು ದಿನ ಅಂಗಡಿಯ ಜಮಾ ಇಲ್ಲ. ಹೆಸರು ಬರೆದಿರಲಿಲ್ಲ.

ತಾರೀಖು ಸಿಕ್ಕಿತಲ್ಲ, ಅದನ್ನು ಹಿಡಿದು ತಹಸೀಲ್ ಕಚೇರಿಗೆ ಹೋದೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹಿಂದೆ ಹುಟ್ಟು ಸಾವುಗಳನ್ನು ಕೋತವಾಲ ಬುಕ್ಕಿನಲ್ಲಿ ಬರೆಯುತ್ತಿದ್ದರು. 2023ರಲ್ಲಿ ಕುಣಬಿ ದಾಖಲೆಗಳ ಶೋಧ ನಡೆದಾಗ ಇಂಥ ಎಷ್ಟೋ ಹಳೆಯ ಪುಸ್ತಕಗಳು ಧೂಳು ಕೊಡವಿಕೊಂಡವು. ಮೂರು ಸಲ ಅಲೆದ ಮೇಲೆ ನಮ್ಮ ಊರಿನ ಪುಟ ಸಿಕ್ಕಿತು. "ಹೆಂಗಸು, ಜೈನ, ವಯಸ್ಸು 24, ಜ್ವರ, ಇಂಥವನ ಹೆಂಡತಿ." ಅಲ್ಲಿಯೂ ಅಜ್ಜನ ಹೆಸರೇ ಹೊರತು ಅವಳದಲ್ಲ. ಕಚೇರಿಯ ಕಟ್ಟೆಯ ಮೇಲೆ ಕುಳಿತು, ಈ ವಯಸ್ಸಿನಲ್ಲಿ, ಕಣ್ಣು ಒರೆಸಿಕೊಂಡೆ.

ಕೊನೆಗೆ ದಾರಿ ತೋರಿದ್ದು ನಮ್ಮ ಓಣಿಯ ತೊಂಬತ್ತರ ಅಜ್ಜಿ. "ನಿಮ್ಮ ಮೊದಲನೇ ಆಯಿ ಅನಂತವ್ರತದ ಉದ್ಯಾಪನೆ ಮಾಡಿ ಬಸದಿಗೆ ಹರಿವಾಣ ಕೊಟ್ಟಿದ್ದಳು ಅಂತ ನಮ್ಮವ್ವ ಹೇಳತಿದ್ದಳು, ನೋಡು" ಎಂದರು. ಸ್ಟೀಲು ಬಂದ ಮೇಲೆ ಬಸದಿಯ ಹಿತ್ತಾಳೆ ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ತೆಗೆಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಅಂಚಿನಲ್ಲಿ ಕನ್ನಡ ಅಕ್ಷರ ಮೂಡಿತು. ಅವಳ ಹೆಸರು, ತವರೂರು, ವ್ರತದ ಹೆಸರು. ಹುಡುಗನಾಗಿದ್ದಾಗ ಇದೇ ಹರಿವಾಣದಲ್ಲಿ ಅಷ್ಟದ್ರವ್ಯ ಹಿಡಿದು ನಾನು ಪ್ರದಕ್ಷಿಣೆ ಹಾಕಿದ್ದೆ!

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಮನೆಯ ಸೊತ್ತು. ಮೊಮ್ಮಗಳು ತನ್ನ ವೃಕ್ಷದಲ್ಲಿ ಬರೆದುಕೊಂಡಿದ್ದಾಳೆ. ತವರೂರಿಗೆ ಹೋಗಿ ಬಂದೆ. ಅವಳ ತಮ್ಮನ ಮೊಮ್ಮಕ್ಕಳು ಊಟಕ್ಕೆ ಎಬ್ಬಿಸಿ ಕೂಡಿಸಿದರು. ತೊಂಬತ್ತು ವರ್ಷದ ಬಳಿಕ ಬೀಗತನ ಮತ್ತೆ ಕೂಡಿತು.

ಬಂಧುಗಳಲ್ಲಿ ವಿನಂತಿ

ಹಳೆಯ ಕಿರ್ದಿಗಳನ್ನು ರದ್ದಿಗೆ ಹಾಕಬೇಡಿ. ಶಾಲೆಯ ದಾಖಲಾತಿ ಪುಸ್ತಕ ನೋಡಿ, ಜನ್ಮತಾರೀಖು ಸಿಗುತ್ತದೆ. ಹೊಲವಿದ್ದವರು ಫೇರಫಾರ್ ಉತಾರ ತೆಗೆಸಿ, ಯಜಮಾನ ತೀರಿದಾಗ ವಾರಸುದಾರರ ಹೆಸರು ಅದರಲ್ಲಿ ಏರುತ್ತದೆ. ಮದುವೆಯ ಕೊಡ, ತಂಬಿಗೆ, ಬಸದಿಯ ಪಾತ್ರೆಗಳನ್ನು ಮೋಡಿಗೆ ಕೊಡುವ ಮುನ್ನ ಮೇಲಿನ ಅಕ್ಷರ ಬರೆದುಕೊಳ್ಳಿ. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೇಳಿ. ಆ ಪುಸ್ತಕ ಬಹಳ ದಿನ ತೆರೆದಿರುವುದಿಲ್ಲ.

2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಜನಗಣತಿ ನಡೆಸುವುದಾಗಿ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಗಣತಿದಾರರಿಗೆ ಹೇಳುವುದನ್ನೆಲ್ಲ ಸರಿಯಾಗಿ ಹೇಳಿ, ಧರ್ಮದ ಕಾಲಮಿನಲ್ಲಿ ಜೈನ ಎಂದು ಬರೆಸಿ. ಅದೇ ವಿವರವನ್ನು ಮನೆಯ ಒಂದು ವಹಿಯಲ್ಲಿಯೂ ಬರೆದಿಡಿ. ಸೊಸೆಯಂದಿರ ಹೆಸರು, ತವರೂರು, ಅವರ ತಾಯಿತಂದೆಯರ ಹೆಸರು ಬಿಡಬೇಡಿ. ಸರ್ಕಾರದ ಹಾಳೆ ನಮ್ಮ ಮೊಮ್ಮಕ್ಕಳ ಕೈಗೆ ಬರುವುದಿಲ್ಲ, ಮನೆಯ ವಹಿ ಬರುತ್ತದೆ.

ಲೆಕ್ಕ ಇಡುವುದು ನಮ್ಮ ಕುಲದ ಕಸುಬು. ಜೋಳ, ಕಡಲೆಯ ಲೆಕ್ಕ ಪೈಸೆಗೆ ಪೈಸೆ ಇಟ್ಟೆವು. ಹೆತ್ತವರ ಹೆಸರು ಬಾಕಿ ಉಳಿಯದಿರಲಿ.