ಮುಟ್ಟುವ ಪರದೆಯೂ ತೊದಲು ಮಾತೂ

ಎರಡು ವರ್ಷದ ಕೂಸು ಟ್ಯಾಬ್ಲೆಟ್ ಮೇಲೆ ಬೆರಳಿಟ್ಟರೆ ಆನೆ ಘೀಳಿಡುತ್ತದೆ, ‘ಆನೆ’ ಎಂಬ ದನಿಯೂ ಕೇಳುತ್ತದೆ. ಸುಮ್ಮನೆ ಕೂತು ನೋಡುವ ಟಿವಿಗಿಂತ, ಮುಟ್ಟಿದರೆ ಓಗೊಡುವ ಇಂಥ ಪರದೆಯಿಂದ ಮಕ್ಕಳು ಬೇಗ ಪದ ಕಲಿಯುತ್ತಾರೆ ಎಂಬ ನಂಬಿಕೆ ಬಲವಾಗಿದೆ. ಇದು ಅರ್ಧ ಮಾತ್ರ ನಿಜ.

ಹೆದರ್ ಕಿರ್ಕೋರಿಯನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ ಇದನ್ನೇ ಒರೆಗೆ ಹಚ್ಚಿತು. 24ರಿಂದ 36 ತಿಂಗಳ 116 ಮಕ್ಕಳಿಗೆ, ಒಬ್ಬಾಕೆ ವಸ್ತುವೊಂದರ ಹೆಸರು ಹೇಳುವ ವೀಡಿಯೊ ತೋರಿಸಲಾಯಿತು. ಕೆಲವರು ಬರಿದೇ ನೋಡಿದರು. ಕೆಲವರು ಪರದೆಯನ್ನು ಎಲ್ಲಿ ಬೇಕಾದರೂ ಮುಟ್ಟಬಹುದಿತ್ತು. ಉಳಿದವರು ಆ ವಸ್ತುವಿರುವ ಜಾಗವನ್ನೇ ಮುಟ್ಟಬೇಕಿತ್ತು. ತೀರ ಚಿಕ್ಕವರು ಪದ ಕಲಿತದ್ದು ಈ ಕೊನೆಯ ಬಗೆಯಲ್ಲಿ ಮಾತ್ರ; ಎಲ್ಲೆಂದರಲ್ಲಿ ಮುಟ್ಟಿದ್ದರಿಂದ ಅವರಿಗೆ ಏನೂ ದಕ್ಕಲಿಲ್ಲ. ಅಂದರೆ ಕಲಿಸಿದ್ದು ಸ್ಪರ್ಶವಲ್ಲ, ಆ ಸ್ಪರ್ಶ ಕಣ್ಣನ್ನು ಎಲ್ಲಿಗೆ ಕರೆದೊಯ್ದಿತು ಎಂಬುದು. ಅಚ್ಚರಿ ಇರುವುದು ತುಸು ದೊಡ್ಡ ಮಕ್ಕಳ ವಿಷಯದಲ್ಲಿ. ಅವರು ಬರಿದೇ ನೋಡಿಯೂ ಕಲಿಯಬಲ್ಲವರಾಗಿದ್ದರು. ನಿರ್ದಿಷ್ಟ ಜಾಗ ಮುಟ್ಟುವ ಕೆಲಸ ಹೇಳಿದಾಗ ಅವರ ಕಲಿಕೆಗೆ ಅಡ್ಡಿಯಾದಂತೆ ಕಂಡಿತು. ಬೆರಳಿನ ಕೆಲಸ ಗಮನವನ್ನೂ ತಿನ್ನುತ್ತದೆ ಎಂದು ಇದನ್ನು ವಿವರಿಸಬಹುದು. ತಟ್ಟಿದಲ್ಲೆಲ್ಲ ನಕ್ಷತ್ರ ಸಿಡಿಸುವ ಆ್ಯಪ್ ತೀರ ಚಿಕ್ಕವರಿಗಂತೂ ಒದಗದು.

ಮಗು ಕಣ್ಣೆವೆ ಮುಚ್ಚದೆ ನೋಡುತ್ತಿದೆ, ಆದ್ದರಿಂದ ಕಲಿಯುತ್ತಿದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಜೂಡಿ ಡಿಲೋಚ್ ತಂಡದ 2010ರ ಅಧ್ಯಯನದಲ್ಲಿ 12ರಿಂದ 18 ತಿಂಗಳ ಮಕ್ಕಳು ಪದ ಕಲಿಸುವುದಕ್ಕೆಂದೇ ತಯಾರಾದ ಡಿವಿಡಿಯನ್ನು ನಾಲ್ಕು ವಾರ ಮನೆಯಲ್ಲಿ ನೋಡಿದರು; ನೋಡದ ಮಕ್ಕಳಿಗಿಂತ ಒಂದು ಪದವನ್ನೂ ಹೆಚ್ಚಾಗಿ ಕಲಿಯಲಿಲ್ಲ. ಡಿವಿಡಿಯೇ ಇಲ್ಲದೆ, ಅವೇ ಪದಗಳನ್ನು ದಿನದ ಒಡನಾಟದಲ್ಲಿ ಹೆತ್ತವರಿಂದ ಕೇಳಿದ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ಡಿವಿಡಿ ಮೆಚ್ಚಿದ ಹೆತ್ತವರಿಗೆ ತಮ್ಮ ಮಗು ಬಹಳ ಕಲಿತಿದೆ ಅನ್ನಿಸಿತ್ತು. ಇಂಥ ಸರಕು ಯಾಕೆ ಬಿಕರಿಯಾಗುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಪರದೆಯಲ್ಲಿ ಕಲಿತದ್ದು ತಾನಾಗಿ ಹೊರಜಗತ್ತಿಗೂ ದಾಟುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. 2009ರ ಒಂದು ಪ್ರಯೋಗದಲ್ಲಿ 15 ತಿಂಗಳ ಮಕ್ಕಳಿಗೆ ಆಟಿಕೆಯ ಗುಂಡಿ ಒತ್ತುವುದನ್ನು ತೋರಿಸಲಾಯಿತು. ಪರದೆಯಲ್ಲಿ ನೋಡಿ ಪರದೆಯಲ್ಲೇ, ಆಟಿಕೆಯಲ್ಲಿ ನೋಡಿ ಆಟಿಕೆಯಲ್ಲೇ ಅವರು ಚೆನ್ನಾಗಿ ಅನುಕರಿಸಿದರು. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಎಡವಿದರು. ಚಪ್ಪಟೆ ಚಿತ್ರವೂ ಕೈಗೆ ಸಿಗುವ ವಸ್ತುವೂ ಒಂದೇ ಎಂಬ ತಿಳಿವು ಆ ವಯಸ್ಸಿಗೆ ಸಲೀಸಲ್ಲ. ಪದಕ್ಕೂ ಇದೇ ತೊಡಕು: ಟ್ಯಾಬ್ಲೆಟ್‌ನಲ್ಲಿ ಬಾಳೆಹಣ್ಣನ್ನು ಗುರುತಿಸುವ ಮಗು ಬುಟ್ಟಿಯಲ್ಲಿರುವುದನ್ನೂ ಹೆಸರಿಸಿದಾಗಲೇ ಪದ ಬಂದಿದೆ ಎನ್ನಬೇಕು.

ಹಾಗೆಂದು ಪರದೆಯೆಲ್ಲ ಬಂಜೆಭೂಮಿ ಎನ್ನುವುದು ಮತ್ತೊಂದು ಅತಿರೇಕ. ಸಾರಾ ರೋಸ್‌ಬೆರಿ, ಕ್ಯಾಥಿ ಹರ್ಷ್-ಪಾಸೆಕ್ ಮತ್ತು ರಾಬರ್ಟಾ ಗೊಲಿಂಕಾಫ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 24ರಿಂದ 30 ತಿಂಗಳ ಮಕ್ಕಳು ಹೊಸ ಕ್ರಿಯಾಪದಗಳನ್ನು ಎದುರಿಗಿದ್ದವರಿಂದ ಕಲಿತಂತೆಯೇ ವೀಡಿಯೊ ಕರೆಯಲ್ಲೂ ಕಲಿತರು. ಬೇರೆ ಮಗುವಿನೊಡನೆ ನಡೆದ ಕರೆಯ ಮುದ್ರಿತ ವೀಡಿಯೊ ನೋಡಿದವರು ಕಲಿಯಲಿಲ್ಲ. ತನ್ನ ಮಾತಿಗೆ, ತನ್ನ ನಗುವಿಗೆ, ತಕ್ಕ ಹೊತ್ತಿಗೆ ಬರುವ ಮರುಮಾತೇ ವ್ಯತ್ಯಾಸ. ಟ್ಯಾಬ್ಲೆಟ್ ಆನೆ ಯಾವ ಮಗು ಮುಟ್ಟಿದರೂ ಒಂದೇ ತೆರನಾಗಿ ಘೀಳಿಡುತ್ತದೆ.

ಭಾರತೀಯ ಮಕ್ಕಳ ತಜ್ಞರ ಸಂಘದ ಮಾರ್ಗಸೂಚಿಯೂ ಎರಡು ವರ್ಷದೊಳಗಿನವರಿಗೆ ಪರದೆ ಬೇಡ ಎನ್ನುತ್ತಲೇ ನಂಟರೊಂದಿಗಿನ ಅಪರೂಪದ ವೀಡಿಯೊ ಕರೆಗೆ ವಿನಾಯಿತಿ ಕೊಟ್ಟಿದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯ ಮಿತಿ. ಡಲ್ಲಾಸ್‌ನಲ್ಲಿ ಬೆಳೆಯುವ ಮಗು ಮೈಸೂರಿನ ಅಜ್ಜಿಯ ಬಾಯಿಂದ ಕನ್ನಡ ಕೇಳುವುದು ಈ ವಿನಾಯಿತಿಯೊಳಗೇ ಬರುತ್ತದೆ. ಆದರೆ ಅಜ್ಜಿ ಬೆರಳು ಚಾಚಿ ‘ಅದೇನು?’ ಎಂದಾಗ ಆ ಬೆರಳು ಮಗುವಿನ ಕೋಣೆಯ ಯಾವ ವಸ್ತುವನ್ನೂ ತೋರುವುದಿಲ್ಲ. ಅದು ಗೊಂಬೆಯೋ ಚೆಂಡೋ ಎಂದು ಎತ್ತಿ ತೋರಿಸಲು ಮಗುವಿನ ಪಕ್ಕದಲ್ಲಿ ದೊಡ್ಡವರೊಬ್ಬರು ಇರಬೇಕಾಗುತ್ತದೆ.