ಏಪ್ರಿಲ್ ಹತ್ತರ ಪಟ್ಟಿ

ಮಾರ್ಚ್ ತಿಂಗಳಲ್ಲಿ ಅಕ್ಕನಿಗೆ ಫೋನ್ ಮಾಡಿದರೆ ಎರಡು ಮಾತಿಗಿಂತ ಹೆಚ್ಚು ಸಿಗುವುದಿಲ್ಲ. "ತಮ್ಮಾ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟುಬಿಡುತ್ತಾಳೆ. ಆ "ಆಮ್ಯಾಲ" ಬರುವುದು ಏಪ್ರಿಲ್ ಹತ್ತು ದಾಟಿದ ಮೇಲೆಯೇ. ಅವಳು ಯಾದಗಿರಿ ಜಿಲ್ಲೆಯ ಒಂದು ಸಣ್ಣ ಹಳ್ಳಿಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ತಾಲ್ಲೂಕು ಕೇಂದ್ರದಿಂದ ಆ ಊರಿಗೆ ದಿನಕ್ಕೆ ಎರಡೇ ಬಸ್ಸು. ಶಾಲೆಗೆ ಎರಡು ಕೋಣೆ, ಒಂದರಿಂದ ಐದನೇ ತರಗತಿಯವರೆಗೆ 34 ಮಕ್ಕಳು. ಮುಖ್ಯ ಶಿಕ್ಷಕಿಯೂ ಅವಳೇ, ಗುಮಾಸ್ತೆಯೂ ಅವಳೇ. ಜೊತೆಗೆ ಒಬ್ಬ ಅತಿಥಿ ಶಿಕ್ಷಕಿ ಇದ್ದಾರೆ.

ಹೋದ ವರ್ಷ ಮಾರ್ಚಿನಲ್ಲಿ ಒಂದು ರಾತ್ರಿ ಅವಳೇ ಫೋನ್ ಮಾಡಿದಳು. "ತಮ್ಮಾ, ನಿಮ್ಮ ಪುಣೆದಾಗ ವಾಕಡ ಅಂತ ಅದ ಏನು?"

ಇದೆ, ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ ಎಂದೆ.

"ಹಂಗಾದ್ರ ಐತವಾರ ಒಂದು ಕೆಲಸ ಮಾಡಬೇಕು ನೀನು."

ಕೆಲಸ ಇದು. ಐದನೇ ತರಗತಿಯ ಒಬ್ಬ ಹುಡುಗಿ ಸಂಕ್ರಾಂತಿ ಆದಮೇಲೆ ಶಾಲೆಗೆ ಬಂದಿಲ್ಲ. ತೊಗರಿ ರಾಶಿ ಮುಗಿಸಿ ಅಪ್ಪ ಅವ್ವ ಗುಳೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿದ್ದಾರೆ. ಅಪ್ಪನ ಫೋನ್ ಹತ್ತುತ್ತಿಲ್ಲ. ವಾಕಡದಲ್ಲಿ ದೊಡ್ಡ ಕಟ್ಟಡದ ಕೆಲಸ ಎಂಬುದಷ್ಟೇ ಊರಲ್ಲಿ ಸಿಕ್ಕ ಸುಳಿವು. ಯುಗಾದಿ ಹತ್ತಿರ ಬಂದಿತ್ತು, ಪರೀಕ್ಷೆಗೆ ಹದಿನೈದು ದಿನವೂ ಉಳಿದಿರಲಿಲ್ಲ.

ಒಂದು ಪರೀಕ್ಷೆಗೆ ಇಷ್ಟೇಕೆ ಎಂದು ಕೇಳಿದೆ. ಅಕ್ಕ ಹೇಳಿದಳು: "ಅಂಕದ ಚಿಂತಿ ಇಲ್ಲ ನನಗ. ನಮ್ಮಲ್ಲಿ ಐದನೇದಕ್ಕ ಸಾಲಿ ಮುಗೀತದ. ಆರನೇದಕ್ಕ ನಾಲ್ಕು ಕಿಲೋಮೀಟರ್ ಆಚಿ ಊರಿಗೆ ಹೋಗಬೇಕು. ಈಗ ಬಂದು ಪರೀಕ್ಷಾ ಬರದು, ಟಿಸಿ ತಗೊಂಡು ಅಲ್ಲಿ ಹೆಸರು ಹಚ್ಚಲಿಲ್ಲಂದ್ರ ಆ ಹುಡುಗಿ ಮತ್ತ ಸಾಲಿ ಮೆಟ್ಟಲ ಹತ್ತಂಗಿಲ್ಲ. ಇಪ್ಪತ್ತು ವರ್ಷದಾಗ ಭಾಳ ನೋಡೀನಿ."

ವರ್ಷದ ಕೊನೆಗೆ ಇಂಥ ಶಾಲೆಯಲ್ಲಿ ಏನೇನು ಕೆಲಸವಿರುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು. ನನಗೂ ಗೊತ್ತಿರಲಿಲ್ಲ. ಒಬ್ಬೊಬ್ಬ ಮಗುವಿಗೂ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಅವೆಲ್ಲವನ್ನೂ ಕೂಡಿಸಿ ಪ್ರಗತಿ ಪತ್ರ ಬರೆಯಬೇಕು, ನಂತರ ಅದೇ ಅಂಕಗಳನ್ನು ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಗೆ ತುಂಬಬೇಕು. ಊರಲ್ಲಿ ನೆಟ್‌ವರ್ಕ್ ಸಿಗುವುದು ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ. ಅಕ್ಕ ಸಂಜೆ ಅಲ್ಲೇ ಕುಳಿತು ತುಂಬುತ್ತಾಳೆ. ಮಾರ್ಚ್ 31ರೊಳಗೆ ಶಾಲಾ ಅನುದಾನದ ಲೆಕ್ಕ ಮುಗಿಸಿ ಹಣ ಬಳಕೆ ಪ್ರಮಾಣ ಪತ್ರ ಕೊಡಬೇಕು. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಎಷ್ಟು ಉಳಿದಿದೆ ಎಂದು ತೂಗಿ ಬರೆಯಬೇಕು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿಯ ಲೆಕ್ಕ. ಹಾಜರಿಗೂ ಚೀಲಕ್ಕೂ ತಾಳೆಯಾಗದಿದ್ದರೆ ವಿವರಣೆ ಕೊಡಬೇಕು. ಎಸ್‌ಡಿಎಂಸಿ ಸಭೆ ಕರೆಯಬೇಕು, ನಡಾವಳಿ ಬರೆಯಬೇಕು. ಮುಂದಿನ ವರ್ಷ ಒಂದನೇ ತರಗತಿಗೆ ಬರುವ ಮಕ್ಕಳನ್ನು ಹುಡುಕಿ ಮನೆ ಮನೆ ಸುತ್ತಬೇಕು.

ಇದರ ನಡುವೆ ಪಾಠವೂ ಆಗಬೇಕು. ಒಂದು ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ನಲಿ ಕಲಿ ಮಕ್ಕಳು, ಇನ್ನೊಂದರಲ್ಲಿ ನಾಲ್ಕು ಮತ್ತು ಐದು. ಬಿಸಿಲು ಹತ್ತು ಗಂಟೆಗೇ ಕಾಯುತ್ತದೆ. ಇಷ್ಟು ಕೆಲಸದ ಮೇಲೆ ಗುಳೆ ಹೋದ ಮಕ್ಕಳನ್ನು ಹುಡುಕುವುದನ್ನು ಅಕ್ಕ ತಾನೇ ಹಚ್ಚಿಕೊಂಡಿದ್ದಾಳೆ. ಆ ವರ್ಷ ಹಾಜರಿ ಪುಸ್ತಕದಲ್ಲಿ ಅಂಥ ಹೆಸರು ಮೂರು. ಇಬ್ಬರು ಗಂಡುಮಕ್ಕಳು ಹೈದರಾಬಾದಿನ ಕಡೆ ಹೋಗಿದ್ದರು.

ಭಾನುವಾರ ವಾಕಡಕ್ಕೆ ಹೋದೆ. ನಾಲ್ಕನೆಯ ಕಟ್ಟಡದ ಹಿಂದೆ ತಗಡಿನ ಶೆಡ್ಡುಗಳ ಸಾಲಿನಲ್ಲಿ ಯಾರೋ ಕನ್ನಡದಲ್ಲಿ ಜಗಳವಾಡುವುದು ಕೇಳಿಸಿತು. ಅವರನ್ನೇ ಕೇಳಿದೆ. ಹುಡುಗಿ ಅಲ್ಲಿದ್ದಳು, ಸೊಂಟದ ಮೇಲೆ ಒಂದೂವರೆ ವರ್ಷದ ತಮ್ಮ. ಯಾವ ಕ್ಲಾಸು ಎಂದು ಕೇಳಿದರೆ ಅವ್ವನ ಮುಖ ನೋಡಿದಳು.

ಅವ್ವ ನನ್ನನ್ನು ಕೂಡಿಸಿ ಚಹಾ ಕೊಟ್ಟಳು. ಆಮೇಲೆ ಕೇಳಿದಳು, "ಈಕಿನ್ನ ಕಳಿಸಿದ್ರ ಕೂಸು ಯಾರು ನೋಡ್ತಾರ್ರೀ? ನಾವಿಬ್ರೂ ಮ್ಯಾಲ ಇರ್ತೀವಿ." ಮ್ಯಾಲ ಎಂದರೆ ಹನ್ನೊಂದನೇ ಮಹಡಿ. ಗುತ್ತೇದಾರನಿಂದ ಮುಂಗಡ ತೆಗೆದುಕೊಂಡಿದ್ದಾರೆ, ಅದು ತೀರುವವರೆಗೆ ಇಬ್ಬರೂ ಕೆಲಸ ಬಿಡುವಂತಿಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ಅಕ್ಕನಿಗೆ ಫೋನ್ ಹಚ್ಚಿ ಕೊಟ್ಟೆ.

ಇಪ್ಪತ್ತು ನಿಮಿಷ ಮಾತಾಡಿದರು. ಅಕ್ಕ ಬಯ್ಯಲಿಲ್ಲ, ಉಪದೇಶ ಮಾಡಲಿಲ್ಲ ಎಂಬುದು ಈ ಕಡೆಯ ಮಾತಿನಿಂದಲೇ ತಿಳಿಯುತ್ತಿತ್ತು. ಊರಲ್ಲಿರುವ ಅಜ್ಜಿಯನ್ನು ಅವಳು ಮೊದಲೇ ಒಪ್ಪಿಸಿದ್ದಳು. ಹುಡುಗಿಯ ಜೊತೆ ಕೂಸನ್ನೂ ಕಳಿಸಿ, ಬಿಸಿಯೂಟದ ಹೊತ್ತಿಗೆ ಅದನ್ನೂ ಶಾಲೆಗೆ ಎತ್ತಿಕೊಂಡು ಬರಲಿ ಎಂದಳಂತೆ. ಅವ್ವ ಫೋನ್ ಮರಳಿ ಕೊಡುತ್ತ, "ಅಕ್ಕೋರು ಬಿಡಂಗಿಲ್ರೀ" ಎಂದು ನಕ್ಕಳು. ಅಪ್ಪ ಸಂಜೆಯವರೆಗೆ ಏನೂ ಹೇಳಲಿಲ್ಲ. ಯುಗಾದಿಗೆ ಊರಿಗೆ ಹೊರಟಿದ್ದ ಹಿರಿಯರೊಬ್ಬರ ಜೊತೆ, ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಅಕ್ಕ ತಮ್ಮ ಇಬ್ಬರೂ ಹೋದರು ಎಂದು ನಾಲ್ಕು ದಿನಗಳ ಮೇಲೆ ತಿಳಿಯಿತು.

ಕನ್ನಡ ಮತ್ತು ಗಣಿತ ಅಷ್ಟರಲ್ಲಿ ಆಗಿಹೋಗಿದ್ದವು. ಅಕ್ಕ ಅವೆರಡನ್ನೂ ಬೇರೆ ದಿನ ಬರೆಸಿದಳು. ಗಣಿತದಲ್ಲಿ ಹುಡುಗಿ ಭಾಗಾಕಾರ ಪೂರ್ತಿ ಮರೆತಿದ್ದಳು. "ಎರಡು ತಿಂಗಳದಾಗ ಹೋಗಿಬಿಡ್ತದ ತಮ್ಮಾ, ಮತ್ತ ಮೊದಲಿಂದ ಹಚ್ಚಬೇಕು" ಎಂದಳು ಅಕ್ಕ.

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಏಪ್ರಿಲ್ 10 ಎಂದರೆ ಬಹುಕಾಲದಿಂದ ಫಲಿತಾಂಶದ ದಿನ. ಓದುಗರಲ್ಲಿ ಹಲವರಿಗೆ ತೆಂಗಿನಕಾಯಿ, ಪೇಢೆಯ ಜೊತೆ ಆ ದಿನ ನೆನಪಿರಬಹುದು. ಅಕ್ಕನ ಶಾಲೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಪಟ್ಟಿ ಓದಿದರು. ಹುಡುಗಿಯ ಹೆಸರು ಅದರಲ್ಲಿತ್ತು. ಹೈದರಾಬಾದಿಗೆ ಹೋದ ಇಬ್ಬರು ಬರಲಿಲ್ಲ. ಒಬ್ಬನ ಅಪ್ಪ ಫೋನಿನಲ್ಲಿ ಸಿಕ್ಕು, "ಮಿರ್ಗಕ್ಕ ಬರ್ತೀವ್ರಿ" ಎಂದಿದ್ದ. ಇನ್ನೊಬ್ಬನ ಮನೆಯವರು ಸಿಗಲೇ ಇಲ್ಲ.

ರಜೆಯ ಮೊದಲ ದಿನ, ಏಪ್ರಿಲ್ 11ರಂದು, ಅಕ್ಕ ಟಿಸಿ ಹಿಡಿದು ಹುಡುಗಿಯ ಅಜ್ಜಿಯ ಜೊತೆ ಪಕ್ಕದೂರಿನ ಶಾಲೆಗೆ ನಡೆದುಹೋಗಿ ಬಂದಳು. ಮೇ 29ಕ್ಕೆ ಶಾಲೆ ಶುರುವಾದಾಗ ಹುಡುಗಿ ಅಲ್ಲಿದ್ದಳು. ಈ ವರ್ಷದ ಸಂಕ್ರಾಂತಿಗೆ ಅಪ್ಪ ಅವ್ವ ಮತ್ತೆ ಪುಣೆಗೆ ಬಂದಾಗ ಅಜ್ಜಿಯ ಹತ್ತಿರ ಬಿಟ್ಟು ಬಂದರು. ಅಜ್ಜಿಗೆ ಆರೋಗ್ಯ ಸರಿಯಿಲ್ಲ ಎಂದು ಮೊನ್ನೆ ತಿಳಿಯಿತು. ಮುಂದಿನ ವರ್ಷದ ಮಾತು ಹೇಳಲಾಗದು.

ಇದನ್ನು ಬರೆಯಲು ಒಂದು ಕಾರಣವಿದೆ. ಮುಂಬೈಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ನಮ್ಮ ಮನೆಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಅಂಥವೇ ಮಕ್ಕಳು ಈಗಲೂ ಇದ್ದಾರೆ. ಕನ್ನಡ ಕಿವಿಗೆ ಬಿದ್ದರೆ ಒಂದು ನಿಮಿಷ ನಿಂತು, ಮಗು ಯಾವ ಊರು, ಎಷ್ಟನೇ ಕ್ಲಾಸು ಎಂದು ಕೇಳಿ. ಊರಿನ ಶಿಕ್ಷಕರಿಗೆ ಒಂದು ಫೋನ್ ಮಾಡಿಸಿ. ಮಗು ಇಲ್ಲೇ ಉಳಿಯುವುದಾದರೆ ಹತ್ತಿರದ ಪಾಲಿಕೆ ಶಾಲೆಗೆ ಸೇರಿಸಬಹುದು. ಮುಂಬೈ ಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತೆಂದು ಅಥವಾ ವಯಸ್ಸಿನ ದಾಖಲೆ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಇದು ಆ ಅಪ್ಪ ಅವ್ವಂದಿರಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿದ್ದರೆ ಹೇಳಬಹುದು.

ಈ ಮಾರ್ಚಿನಲ್ಲೂ ಅಕ್ಕನ ಫೋನ್ ಬಂದಿದೆ. ಈ ಸಲ ಮೂರನೇ ತರಗತಿಯ ಹುಡುಗ. ಚಾಕಣದ ಹತ್ತಿರ ಎಲ್ಲೋ ಇದ್ದಾನಂತೆ. ಈ ಭಾನುವಾರ ಹೋಗಬೇಕು.